ತಲೆದಿಂಬಿನಿಂದ ಸಮಾನತೆ

ಶನಿವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ನಾನು ಕುರ್ಲಾದ ನಮ್ಮ ಗಲ್ಲಿಯ ಬಾಯಲ್ಲಿ ಒಂದು ಬೆಂಚು ಹತ್ತಿ ನಿಂತೆ. ಕೆಟ್ಟಿದ್ದೆಲ್ಲ ಅಲ್ಲಿಂದಲೇ. ಅದಕ್ಕೂ ಒಂದು ನಿಮಿಷ ಮೊದಲಿನವರೆಗೆ ನಾನೊಬ್ಬ ಸಮಾಜ ಸುಧಾರಕನಾಗಿದ್ದೆ.

ಅದು ಮುಂಬಯಿಯಲ್ಲಿ ಹೊರಗಿನವರ ಅಂಗಡಿಗಳಿಗೆ ಕಲ್ಲು ಬೀಳುತ್ತಿದ್ದ ಕಾಲ. ದಕ್ಷಿಣದ ಭಾಷೆ ಆಡುವವರೆಲ್ಲ ‘ಮದ್ರಾಸಿ’ಗಳು, ಗದಗಿನವನಾದರೂ ಅಷ್ಟೇ. ನಮ್ಮ ಗಲ್ಲಿಯಲ್ಲಿ ಹತ್ತಿಯ ಗಾದಿ, ದಿಂಬು ಹೊಲಿಯುವ ರಾಜೇಸಾಬ ಗದಗಿನವನು. ಮನೆಯಲ್ಲಿ ದಖನಿ, ನಮ್ಮೊಡನೆ ಕನ್ನಡ, ಗಿರಾಕಿಗಳೊಡನೆ ಮರಾಠಿ. ಇಷ್ಟು ಭಾಷೆ ಬಂದರೂ ವಾರಗಟ್ಟಲೆ ಒಂದು ಗಾದಿಯೂ ಹೋಗಿರಲಿಲ್ಲ. ಹೆದರಿ ಯಾರೂ ಅವನ ಅಂಗಡಿ ಹತ್ತುತ್ತಿರಲಿಲ್ಲ.

“ಹಿಂಗಾದ್ರ ಅಂಗಡಿಗೆ ಕೀಲಿ ಹಾಕಿ ಊರಿಗೆ ಹೋಗೂದ ನೋಡ್ರಿ, ರಾಯರ” ಎಂದ.

ನಾನು ಧಾರವಾಡದಲ್ಲಿ ಬಿ.ಎ. ಮಾಡಿದವನು. ಇದನ್ನು ನೋಡಿಕೊಂಡು ಸುಮ್ಮನಿರಲಾದೀತೇ? ಸಮಾನತೆ ಇರುವುದು ಭಾಷಣದಲ್ಲಲ್ಲ, ತಲೆದಿಂಬಿನಲ್ಲಿ ಎಂದು ಆಫೀಸಿನಲ್ಲಿ ಭಾಷಣ ಮಾಡಿದೆ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಎಲ್ಲರೂ ಬಂದು ರಾಜೇಸಾಬನ ಬಳಿ ಒಂದೊಂದು ದಿಂಬು ಕೊಳ್ಳತಕ್ಕದ್ದು. ಪಕ್ಕದ ಶೆಟ್ಟರ ಹೋಟೆಲಿನಲ್ಲಿ ಚಹ ಕುಡಿಯತಕ್ಕದ್ದು. ಅಪ್ಪಟ ಮರಾಠಿಗನಾದ ಸಾವಂತನೇ ಮೊದಲು ಕೈ ಎತ್ತಿದ. ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲಿ.

ಹೆಂಡತಿ ಮಾತ್ರ ಕೇಳಿದಳು: “ಇಷ್ಟು ಮಂದಿ ಬರ್ತಾರ ಅಂತ ರಾಜೇಸಾಬಗ ಹೇಳೀರೇನು?”

“ಮೊದಲ ಹೇಳಿದ್ರ ಮಜಾ ಏನು ಉಳೀತು?”

“ನಿಮ್ಮ ಮಜಾ ನನಗ ಗೊತ್ತದ.”

ಬೆಂಚಿನ ಮೇಲಿಂದ ನೋಡಿದೆ. ಸ್ಟೇಷನ್ನಿನ ಕಡೆಯಿಂದ ನಮ್ಮ ಆಫೀಸಿನವರು ಗುಂಪಾಗಿ ಬರುತ್ತಿದ್ದರು. ಮಳೆಗಾಲ, ಎಲ್ಲರ ಕೈಯಲ್ಲೂ ಮಡಚಿದ ಉದ್ದನೆಯ ಛತ್ರಿ. ಖುಷಿ ತಡೆಯಲಾಗಲಿಲ್ಲ. ಗಲ್ಲಿಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದೆ:

“ಬಂದ್ರು! ಬಂದ್ರು!”

ಕನ್ನಡ ಬಲ್ಲ ರಾಜೇಸಾಬನಿಗೂ ಶೆಟ್ಟರಿಗೂ ಅದರ ಅರ್ಥ ಒಂದೇ: ಕಲ್ಲು ಎಸೆಯುವವರು ಬಂದರು. ಕನ್ನಡ ಬಾರದವರಿಗೆ ಕೇಳಿಸಿದ್ದು ‘ಬಂದ್’. ಯಾವುದರಲ್ಲೂ ಒಂದಾಗದ ಭಾಷೆಗಳು ಇದೊಂದರಲ್ಲಿ ಒಂದಾದವು. ಧಡಧಡನೆ ಶಟರ್‌ಗಳು ಬಿದ್ದವು. ಶೆಟ್ಟರು ಉರಿಯುವ ಒಲೆಗೆ ನೀರು ಸುರಿದರು. ರಾಜೇಸಾಬ ಓಡಿಬಂದು ನನ್ನ ರಟ್ಟೆ ಹಿಡಿದು ಅಂಗಡಿಯೊಳಗೆ ಎಳೆದುಕೊಂಡ. ಶಟರ್ ಇಳಿಸಿದ. ನನ್ನನ್ನು ನೆಲಕ್ಕೆ ಕೆಡವಿ, ಇದ್ದಬದ್ದ ಗಾದಿಗಳನ್ನೆಲ್ಲ ನನ್ನ ಮೇಲೆ ಹೇರಿದ. ತನಗೆಂದು ಒಂದನ್ನೂ ಉಳಿಸಿಕೊಳ್ಳಲಿಲ್ಲ.

ಅವರು ನಮ್ಮವರು ಎಂದು ಹೇಳಲು ಹೋದೆ. ಬಾಯಿ ತುಂಬ ಹತ್ತಿ.

“ಅಂಜಬ್ಯಾಡ್ರಿ ರಾಯರ, ನಾ ಅದೀನಿ. ಸುಮ್ಮ ಮಲಕೋರಿ” ಎಂದ.

ಅಷ್ಟರಲ್ಲಿ ಶಟರ್ ಬಡಿಯುವುದು ಶುರುವಾಯಿತು. ಛತ್ರಿಯ ಹಿಡಿಯಿಂದ ಬಡಿಯುತ್ತಿದ್ದವನು ಸಾವಂತ ಎಂಬುದು ಆಮೇಲೆ ಗೊತ್ತಾದದ್ದು. ಗಾದಿಗಳ ಕೆಳಗೆ ಆ ತಗಡಿನ ಸದ್ದು ನನ್ನ ಎದೆಯ ಮೇಲೇ ಬೀಳುತ್ತಿತ್ತು. “ಖೋಲಾ, ಖೋಲಾ”, ತೆಗೆಯಿರಿ ತೆಗೆಯಿರಿ ಎಂಬ ಕೂಗು. ಕರೆಸಿದವನು ನಾನೇ ಎಂಬುದು ಮರೆತೇಹೋಯಿತು. ಬಂದವರು ಗೂಂಡಾಗಳೇ ಎಂದು ನಾನೂ ನಂಬಿದೆ. ಬೆಂಕಿ ಹಚ್ಚಿದರೆ ಹತ್ತಿ ಎಷ್ಟು ಹೊತ್ತು ತಾಳೀತು ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ಈಗಲೂ ಒಮ್ಮೊಮ್ಮೆ ತಾನಾಗಿಯೇ ಶುರುವಾಗುತ್ತದೆ.

ಆಗ ಹೊರಗೆ ಇನ್ನೊಂದು ದನಿ. ಎದುರಿನ ಹಿಟ್ಟಿನ ಗಿರಣಿಯ ಶಿಂದೆಬಾಯಿ. ಆಕೆ ಒಳಗೇ ಇರಬಹುದಿತ್ತು. ಮರಾಠಿಯವಳ ಗಿರಣಿಗೆ ಯಾರು ಕಲ್ಲು ಎಸೆಯುತ್ತಾರೆ? ಮೈತುಂಬ ಹಿಟ್ಟು, ಕೈಯಲ್ಲಿ ಪೊರಕೆ. ನಮ್ಮ ಶಟರಿಗೆ ಬೆನ್ನು ಕೊಟ್ಟು ಒಬ್ಬಳೇ ನಿಂತಿದ್ದಳಂತೆ.

“ಹಾ ಆಮ್ಚಾ ಮಾಣೂಸ್. ಹಾತ್ ತರ್ ಲಾವೂನ್ ಬಘಾ” ಎಂದಳು. ಇವನು ನಮ್ಮವನು, ಕೈ ಹಚ್ಚಿಯಾದರೂ ನೋಡಿ.

ಬಡಿತ ನಿಂತಿತು. ಆಮೇಲೆ ಸಾವಂತನ ದೀನ ದನಿ ಕೇಳಿಸಿತು: “ಬಾಯಿ, ಉಶೀ ಪಾಹಿಜೆ.”

ದಿಂಬು ಬೇಕಾಗಿತ್ತು.

ದಿಂಬುಗಳೇನೋ ಹೋದವು. ಆದರೆ ಕೊನೆಯ ದಿಂಬು ಕಟ್ಟಿ ಕೊಟ್ಟು ರಾಜೇಸಾಬ ಶಟರನ್ನು ಅರ್ಧ ಇಳಿಸಿಬಿಟ್ಟ. “ಈ ಸಲ ಸುಳ್ಳಾತು, ರಾಯರ. ಮುಂದಿನ ಸಲ? ನಾ ಗುರುವಾರ ಹೊಂಟೆ.” ಮರುದಿನ ಅಂಗಡಿಗೆ ಕೀಲಿ ಬಿತ್ತು. ಗೂಂಡಾಗಳಿಂದ ಆಗದ ಕೆಲಸವನ್ನು ನನ್ನ ಬೆಂಬಲ ಮಾಡಿ ಮುಗಿಸಿತ್ತು.

ನನ್ನ ನಿದ್ದೆ ಹಾರಿಹೋಯಿತು. ಮೇಲಿನ ಮನೆಯವರು ಖಾರ ಕುಟ್ಟಿದರೂ ಬೆಚ್ಚಿ ಎದ್ದು ಕೂರುತ್ತಿದ್ದೆ. “ಮ್ಯಾಲೊಂದು ಗಾದಿ ಹಾಕ್ಲೇನು?” ಎಂದು ಹೆಂಡತಿ ಕೇಳುತ್ತಿದ್ದಳು.

ಗುರುವಾರ ಶಿಂದೆಬಾಯಿ ತನ್ನ ಮನೆಯ ಹಳೆಯ ಗಾದಿಗಳನ್ನು ತಂದು ರಾಜೇಸಾಬನ ಟ್ರಂಕಿನ ಮೇಲೆ ಒಗೆದಳು. ಮಗಳ ಮದುವೆಗೆ ಬೀಗರು ಬರುತ್ತಾರೆ, ಹತ್ತಿ ಹಿಂಜಿ ಹೊಸದಾಗಿ ಹೊಲಿದು ಕೊಡು, ಅವರನ್ನೇನು ನೆಲದ ಮೇಲೆ ಮಲಗಿಸಲೇ ಎಂದು ಬೈದಳು. ಗಿರಣಿಗೆ ಬಂದ ಹೆಂಗಸರೂ ಒಬ್ಬೊಬ್ಬರಾಗಿ ತಮ್ಮ ಮನೆಯ ಗಾದಿಗಳನ್ನು ತಂದು ಹಾಕಿದರು. ಸಂಜೆ ರಾಜೇಸಾಬ ನಮ್ಮ ಬಾಗಿಲಿಗೆ ಬಂದ.

“ಹೆಂಗ ಹೋಗ್ಲಿ, ರಾಯರ? ಇಡೀ ಗಲ್ಲಿ ಗಾದಿ ಬಿಚ್ಚಿ ಕುಂತೀನಿ.”

ನಾನು ಕೈ ಮುಗಿದೆ.

“ನನಗ್ಯಾಕ ಮುಗೀತೀರಿ? ಆ ಬಾಯಿಗೆ ಮುಗೀರಿ” ಎಂದ.

ಆಕೆಗೂ ಮುಗಿದು ಬಂದು, ನಮ್ಮ ಗಾದಿಯನ್ನೂ ಅವನ ಹೆಗಲಿಗೆ ಹೇರಿ ಕಳಿಸಿದೆ. ಅಂದು ಬರೀ ಚಾಪೆಯ ಮೇಲೆ ಮಲಗಿದವನಿಗೆ ಬೆಳಗಿನವರೆಗೆ ಎಚ್ಚರವಿಲ್ಲ.

ಶುಕ್ರವಾರ ಕಣ್ಣು ಬಿಟ್ಟಾಗ ಹೆಂಡತಿ ನಳದಿಂದ ನೀರು ತಂದು ಕೊಡ ಇಳಿಸುತ್ತಿದ್ದಳು. ಮನೆಯಲ್ಲಿ ಹಾಲಿರಲಿಲ್ಲ.

“ಹಾಲಿನವ ಬಾಗಲಾ ಬಡದು ಬಡದು ಹೋದನಂತ. ಮನ್ಯಾಗ ಯಾರೂ ಇಲ್ಲೇನು ಅಂತ ಶಿಂದೆಬಾಯಿನ್ನ ಕೇಳ್ಯಾನ.”

“ಆಕಿ ಏನಂದ್ಲು?”

“ಸಾಹೇಬ ಒಳಗ ಇರ್ತಾನ, ಎಷ್ಟು ಬಡದ್ರೂ ತಗಿಯೂದಿಲ್ಲ, ನಾ ಕಣ್ಣಾರೆ ಕಂಡೀನಿ ಅಂದ್ಲಂತ.”