ಮಾವನ ಸೀಟಿನಲ್ಲಿ ಇನ್ನೊಬ್ಬ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಕೊಟ್ಟೂರಿನ ನಮ್ಮ ಸೋದರಮಾವನ ಶೇಂಗಾ ಮಿಲ್ಲಿಗೆ ದೆವ್ವ ಹೊಕ್ಕಿತು. ದೆವ್ವಗಳು ಸಾಮಾನ್ಯವಾಗಿ ಎಲ್ಲಿ ಬೇಕಾದಲ್ಲಿ ಕೂರುತ್ತವಂತೆ. ಮಾವನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ಅವರು ದೆವ್ವಕ್ಕೂ ಸೀಟ್ ನಂಬರ್ ಕೊಡುವ ಮನುಷ್ಯ!

ಜಗತ್ತಿನಲ್ಲಿ ಎಲ್ಲದಕ್ಕೂ ಒಂದು ಕಾಯಂ ಜಾಗ ಇರಬೇಕು ಎಂಬುದು ಮಾವನ ಹಟ. ಹರಪನಹಳ್ಳಿ ಬಸ್ಸಿನಲ್ಲಿ ಮೂರನೇ ಕಿಟಕಿ ಅವರದು. ಹೊರಗಿನಿಂದಲೇ ಟವೆಲ್ ಎಸೆದು ಹಿಡಿಯುತ್ತಿದ್ದರು. ಒಮ್ಮೆ ಯಾರೋ ಟವೆಲ್ ಸರಿಸಿ ಕೂತುಬಿಟ್ಟಿದ್ದರು. ಬಸ್ಸು ಅರ್ಧ ಖಾಲಿ! ಮಾವ ಬೇರೆ ಕಡೆ ಕೂರುತ್ತಾರೆಯೇ? ಆ ಮನುಷ್ಯನ ಪಕ್ಕದಲ್ಲೇ ಕಂಬದಂತೆ ನಿಂತರು.

“ಕುಂದರ್ರಿ ಯಜಮಾನ್ರ, ಹಿಂದ ಅಷ್ಟೊಂದು ಸೀಟ್ ಅದಾವು,” ಎಂದ ಕಂಡಕ್ಟರ್.

“ನಾ ಕುಂತೀನಪಾ. ನನ್ನ ಮ್ಯಾಲೆ ಇವ್ರು ಕುಂತಾರ, ಅಷ್ಟ!”

ಇಂಥವರಿಗೆ ಕಂಪ್ಯೂಟರಿನ ಹುಚ್ಚು ಹತ್ತಿತು. ನಾನು ಬಿ.ಎಸ್ಸಿ. ಮುಗಿಸಿ ಅವರ ಮಿಲ್ಲಿಗೆ ಬಂದ ವರ್ಷ ಅದು, ಫ್ಲಾಪಿಗಳ ಕಾಲ. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಮೋಟಾರು ನಡೆಸಲು ತಾವೇ ಒಂದು ಮಾಡ್ಯೂಲ್ ಬರೆದರು. ಮಾಡ್ಯೂಲ್ ಎಂದರೆ, ಕಂಪ್ಯೂಟರ್ ನಡೆಸುವ ಕರ್ನೆಲ್ ಎಂಬ ಓಡುವ ಬಸ್ಸಿಗೆ ನಡುವೆ ಹತ್ತುವ ಪ್ರಯಾಣಿಕ. ಮೆಮೊರಿಯಲ್ಲಿ ಎಲ್ಲಿ ಖಾಲಿಯೋ ಅಲ್ಲಿ ಅವನಿಗೆ ಜಾಗ. ಮಾವನದು ದಿನವೂ ಮೊದಲು ಹತ್ತುತ್ತಿತ್ತು. ದಿನವೂ ಅದೇ ಸೀಟು ಸಿಗುತ್ತಿತ್ತು. ಮಾವ ಆ ಸೀಟಿನ ವಿಳಾಸವನ್ನೇ ಮೋಟಾರು ‘ನಿಲ್ಲಿಸುವ’ ಪ್ರೋಗ್ರಾಮಿನಲ್ಲಿ ಕಾಯಂ ಬರೆದಿಟ್ಟರು. ‘ಇವತ್ತು ಎಲ್ಲಿ ಕೂತಿದ್ದೀಯಪ್ಪ?’ ಎಂದು ವಿಚಾರಿಸುವ ಗೊಡವೆಯೇ ಇಲ್ಲ!

“ಸೀಟು ಬದ್ಲಾದ್ರ, ಮಾವ?”

“ನನ್ನ ಸೀಟು ಯಾಕ ಬದ್ಲಾಗ್ತೈತಲೇ?”

ದೆವ್ವ ಹೊಕ್ಕ ದಿನದ ಹಿಂದಿನ ಸಂಜೆ ನಾನೊಂದು ಕೆಲಸ ಮಾಡಿದ್ದೆ. ಹೊಸ ಪ್ರಿಂಟರಿನ ಮಾಡ್ಯೂಲನ್ನು, ಕಂಪ್ಯೂಟರ್ ಏಳುವಾಗ ಹತ್ತುವವರ ಪಟ್ಟಿಯಲ್ಲಿ, ಮಾವನದಕ್ಕಿಂತ ಮೇಲೆ ಬರೆದಿದ್ದೆ. ಒಂದೇ ಒಂದು ಸಾಲು. ಯಾರಿಗೂ ಹೇಳಲಿಲ್ಲ.

ಆ ಬೆಳಿಗ್ಗೆ ಕರೆಂಟ್ ಹೋಗಿ, ಶೇಂಗಾ ಮೇಲಕ್ಕೆತ್ತುವ ಡಬ್ಬಿಗಳ ಸಾಲು ಸಿಪ್ಪೆ ತುಂಬಿ ಕಟ್ಟಿಕೊಂಡಿತ್ತು. ಹನ್ನೊಂದು ನಲವತ್ತಕ್ಕೆ ಕರೆಂಟ್ ಬಂತು, ಕಂಪ್ಯೂಟರ್ ಎದ್ದಿತು. ಕರೆಂಟ್ ಬಂದ ಐದು ನಿಮಿಷಕ್ಕೆ ಯಂತ್ರ ತಾನೇ ಶುರುವಾಗುವಂತೆ ಮಾವ ಏರ್ಪಾಡು ಮಾಡಿದ್ದರು. ಆದ್ದರಿಂದ ಸಿಪ್ಪೆ ತೆಗೆಯಲು ಡಬ್ಬಿಗಳ ಬುಡದ ಗುಂಡಿಗೆ ಇಳಿಯುವ ಮೊದಲು ನಿಲ್ಲಿಸುವ ಪ್ರೋಗ್ರಾಂ ಓಡಿಸಬೇಕು. ಮೇನ್ ಸ್ವಿಚ್ ಮುಟ್ಟುವುದು ಮಾವನ ಪ್ರಕಾರ ಹಳೇ ಕಾಲದವರ ಕೆಲಸ! ಓಡಿಸಿದೆ. ಪರದೆಯಲ್ಲಿ ‘ಸ್ಟಾಪ್’ ಬಂತು.

“ತಮ್ಮಾ, ಖರೇನ ನಿಂತೈತೇನು?” ಎಂದಳು ಮಿಲ್ಲಿನಲ್ಲಿ ದುಡಿಯುವ ಹುಲಿಗೆಮ್ಮ. “ನನ್ನ ಕೈ ಹೋದ್ರ ನಿಮ್ಮ ಮಾವಗ ಬೈಯಾಕ ಬಾಯಿ ಅಷ್ಟ ಉಳೀತೈತಿ ನೋಡು.”

“ನಿಂತೈತಿ ಯಕ್ಕಾ, ಇಳಿ.”

ಈ ಮೂರು ಪದಗಳನ್ನು ಆಮೇಲೆ ಎಷ್ಟು ಸಲ ನನ್ನೊಳಗೇ ಕೇಳಿಸಿಕೊಂಡಿದ್ದೇನೆ ಎಂದು ನನಗೇ ಲೆಕ್ಕವಿಲ್ಲ.

ಮಿಲ್ಲು ಮೌನವಾಗಿತ್ತು. ಗುಂಡಿಯೊಳಗೆ ಸಿಪ್ಪೆ ಕೆರೆಯುವ ಸದ್ದು ಮಾತ್ರ. ಯಾರೂ ಏನನ್ನೂ ಮುಟ್ಟಲಿಲ್ಲ. ಗೋಡೆಯ ಮೇಲಿನ ಮೋಟಾರಿನ ಸ್ವಿಚ್ ಪೆಟ್ಟಿಗೆ ‘ಟಕ್’ ಎಂದಿತು. ಪರದೆಯಲ್ಲಿ ಸ್ಟಾಪ್. ಡಬ್ಬಿಗಳ ಬೆಲ್ಟು ಮೆಲ್ಲಗೆ, ನಿದ್ದೆಯಲ್ಲಿ ಮಗ್ಗಲು ಬದಲಿಸಿದಂತೆ, ಕದಲಿತು. ಪರದೆಯಲ್ಲಿ ಸ್ಟಾಪ್. ಮತ್ತೆ ಒತ್ತಿದೆ. ‘ಸ್ಟಾಪ್’ ಎಂದು ಅದು ನನಗೇ ಸಮಾಧಾನ ಹೇಳಿತು!

ಬಾಗಿಲಲ್ಲಿದ್ದ ಮಾವ ಹಾರಿ ಮೇನ್ ಸ್ವಿಚ್ಚಿನ ಹಿಡಿ ಎಳೆದರು. ಎಲ್ಲ ನಿಂತಿತು. ಕೆರೆಯುವ ಸದ್ದೂ.

“ಹುಲಿಗೆಮ್ಮಾ?”

ಸಿಪ್ಪೆ ತುಂಬಲು ಒಯ್ದಿದ್ದ ಅವಳ ಬುಟ್ಟಿ ಮಾತ್ರ ಚಪ್ಪಟೆಯಾಗಿ ಆಳೆತ್ತರದಲ್ಲಿ ಡಬ್ಬಿಗಳ ನಡುವೆ ತೂಗುತ್ತಿತ್ತು.

“ಹುಲಿಗೆಮ್ಮಾ!”

“ಬಳೆ ಹೋದ್ವು, ಯಜಮಾನ್ರ,” ಎಂದು ಕೊನೆಗೆ ಕೆಳಗಿನಿಂದ ದನಿ ಬಂತು. “ಕೈ ಐತಿ.”

ಮಧ್ಯಾಹ್ನ ದೆವ್ವದ ಗುರುತು ಸಿಕ್ಕಿತು. ಮಾವನ ಪ್ರೋಗ್ರಾಂ ಹಳೆಯ ಸೀಟಿಗೆ ಹೋಗಿ ‘ನಿಲ್ಲು’ ಎಂದು, ಕೇಳಿಸಿತೋ ಇಲ್ಲವೋ ನೋಡದೆ ಪರದೆಗೆ ‘ಸ್ಟಾಪ್’ ಬರೆದಿತ್ತು. ಅಲ್ಲಿ ಕೂತಿದ್ದವನು ಪ್ರಿಂಟರಿನವನು, ಅವನಿಗೇನು ಸಂಬಂಧ? ಮೋಟಾರಿನವನು ಹಿಂದಿನ ಸೀಟಿನಲ್ಲಿ, ಏನೂ ಕೇಳಿಸದೆ, ಐದು ನಿಮಿಷ ಎಣಿಸುತ್ತಿದ್ದ.

“ಆ ಸಾಲು ಬರ್ದಾಂವ ನಾನು, ಮಾವ,” ಎಂದೆ.

ಬೈಗುಳಕ್ಕೆ ಕಾದೆ. ಮಾವ ಪರದೆಯಲ್ಲಿ ನನ್ನ ಸಾಲಿನ ಮೇಲೆ ಬೆರಳಿಟ್ಟರು. “ಅಂವ ಬಂದು ಕುಂತಿದ್ದು ತಪ್ಪಲ್ಲಲೇ. ಈ ಸೀಟು ನಂದ ಅಂತ ಬರ್ದಿಟ್ಟಿದ್ನಲ್ಲ, ಅದು ತಪ್ಪು.”

ಮಾಡ್ಯೂಲ್ ಎಲ್ಲಿದೆ ಎಂದು ಪ್ರತಿ ಸಲ ಕರ್ನೆಲ್ಲನ್ನೇ ಕೇಳುವಂತೆ ಪ್ರೋಗ್ರಾಂ ತಿದ್ದಿದರು. ನಿದ್ದೆ ಮಾತ್ರ ತಿದ್ದಲಾಗಲಿಲ್ಲ. ಅತ್ತೆ ಲೈಟಿನ ಸ್ವಿಚ್ ‘ಟಕ್’ ಎನ್ನಿಸಿದರೆ ಸಾಕು, ಮಾವ ಒಂದು ಕೋಣೆಯಿಂದ, ನಾನು ಇನ್ನೊಂದರಿಂದ ಓಡಿ ಬರುತ್ತಿದ್ದೆವು! ಹುಲಿಗೆಮ್ಮ ಕೆಲಸಕ್ಕೆ ಬರಲಿಲ್ಲ. ಮಾವ ಎರಡು ಸಲ ಅವಳ ಮನೆ ಬಾಗಿಲವರೆಗೆ ಹೋಗಿ, ಕರೆಯಲು ಬಾಯಿ ಬಾರದೆ ಮರಳಿದರು.

ಒಂಬತ್ತನೇ ದಿನ ಅವಳೇ ಬಂದಳು. ಗುಂಡಿಯ ಅಂಚಿಗೆ ನಿಂತು, ಕಂಪ್ಯೂಟರಿನ ಕಡೆ ನೋಡಲೂ ಇಲ್ಲ.

“ಮೇನ್ ಸ್ವಿಚ್ಚಿನ ಆ ಮೂರು ಫ್ಯೂಜು ಕಿತ್ತು ನನ್ನ ಕೈಯಾಗ ಕೊಡ್ರಿ.”

ಮಾವ ಮೇನ್ ಇಳಿಸಿ, ಫ್ಯೂಜು ಕಿತ್ತು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವಳು ಅವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಗಂಟನ್ನು ಸೊಂಟಕ್ಕೆ ಸಿಕ್ಕಿಸಿ, ಕೆಳಗಿಳಿದಳು. ಅವಳು ಮೇಲೆ ಬರುವವರೆಗೆ ಮಾವ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

ಆ ರಾತ್ರಿ ಮಾವ ಓಣಿಗೆಲ್ಲ ಕೇಳುವಂತೆ ಗೊರಕೆ ಹೊಡೆದರಂತೆ. ಬೆಳಿಗ್ಗೆ ಅತ್ತೆ ಹೇಳಿದ್ದು. ಪಕ್ಕದ ಕೋಣೆಯಲ್ಲೇ ಮಲಗಿದ್ದ ನನಗೆ ಕೇಳಿಸಿರಲಿಲ್ಲ.