ಮದುಮಗನ ತೆಂಗಿನ ಹಾಲನ್ನು ತಲೆಯ ಮೇಲೆ ಹೊಯ್ಸಿಕೊಂಡ ಗಾಯಕ ಮಹಾಶಯರಿಗೆ

ಮಾನ್ಯರೂ, ಮೂರು ಹಾಡಿಗೊಮ್ಮೆ ವೇದಿಕೆಯ ಮೇಲೆ ಸತ್ತು ನಾಲ್ಕನೆಯ ಹಾಡಿಗೆ ಎದ್ದು ಬರುವವರೂ, ‘ದಿ ಡ್ಯಾಂಪ್ ಕರ್ಟನ್ಸ್’ ಎಂಬ ಬ್ರಿಟಿಷ್ ಪೋಸ್ಟ್-ಪಂಕ್ ಸಂಗೀತ ತಂಡದ ಮುಖ್ಯ ಗಾಯಕರೂ ಆದ ಶ್ರೀ ಪೆರೆಗ್ರಿನ್ ಬ್ಲೈತ್ ಅವರ ಸನ್ನಿಧಾನಕ್ಕೆ,

ದುಬೈಯ ಡಿಸ್ಕವರಿ ಗಾರ್ಡನ್ಸ್‌ನಿಂದ ಆನ್ಸೆಲ್ಮ್ ಪಿಂಟೊ ಎಂಬ ಬಡಪಾಯಿ, ಸೊಂಟನೋವು ಬಿಟ್ಟಷ್ಟು ಬಾಗಿ ಮಾಡುವ ನಮಸ್ಕಾರಗಳು. ನಾನು ಕ್ಷೇಮವಾಗಿಲ್ಲ. ತಾವು ಕ್ಷೇಮವಾಗಿದ್ದೀರೆಂದು ಪೋಸ್ಟರುಗಳಿಂದ ತಿಳಿದು ಸಂತೋಷವಾಯಿತು.

ಹಗಲಲ್ಲಿ ನಾನು ಹೋಟೆಲೊಂದರ ರಿಸೆಪ್ಷನ್‌ನಲ್ಲಿ ನಿಂತು ಇನ್ನೊಬ್ಬರ ಸಿಟ್ಟಿಗೆ ನಗುವವನು. ರಜೆಯ ದಿನಗಳಲ್ಲಿ ದುಬೈ, ಅಬುಧಾಬಿಗಳಲ್ಲಿ ನಡೆಯುವ ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮದುವೆಗಳಲ್ಲಿ ಮೈಕ್ ಹಿಡಿದು, ಗ್ಲಾಸು ಎತ್ತಿ, ವಧೂವರರಿಗೆ ಶುಭ ಹಾರೈಸುವ ಟೋಸ್ಟ್ ಹೇಳುವವನೂ ನಾನೇ. ಊರವರ ಮಕ್ಕಳಿಗೆಲ್ಲ ಎರಡನೇ ದರ್ಜೆಯ ಮಾತುಗಳನ್ನು ಹಂಚಿ, ಮೊದಲನೇ ದರ್ಜೆಯವನ್ನು ನನ್ನ ಮಗಳು ಶಾರನ್‌ಳ ಮದುವೆಗೆಂದು ಎತ್ತಿಟ್ಟಿದ್ದೆ. ಆ ಒಂದು ಟೋಸ್ಟನ್ನು ಕುರಿತೇ ಈ ದೂರು.

ತಮಗೆ ನೆನಪಿರಬಹುದು, ಅಲ್ ಕೂಜ್‌ನಲ್ಲಿ ತಮ್ಮ ಕಾರ್ಯಕ್ರಮವಿದ್ದ ಗೋದಾಮಿನ ಪಕ್ಕದ ಗೋದಾಮನ್ನು ನಾವು ರೋಸ್ ಶಾಸ್ತ್ರಕ್ಕೆ ಬಾಡಿಗೆಗೆ ಹಿಡಿದಿದ್ದೆವು. ರೋಸ್ ಎಂದರೆ ಮದುವೆಯ ಮುನ್ನ ಮದುಮಕ್ಕಳ ತಲೆಗೂ ಮುಖಕ್ಕೂ ತೆಂಗಿನ ಹಾಲು ಹಚ್ಚಿ ಮೀಯಿಸುವ ಕ್ರಮ. ಹಿರಿಯರು ಮೊದಲು ಹಚ್ಚಬೇಕು, ಅವರು ಹಚ್ಚಿದ ಮೇಲೆ ಉಳಿದವರು ಸಾಲಾಗಿ ಬರಬೇಕು, ಹಿರಿಯರು ಯಾರಿಗೆ ಹಚ್ಚಿದರೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಶಾರನ್ ಒಳಗೆ ಸೀರೆ ಉಡುತ್ತಿದ್ದಳು. ಅಬುಧಾಬಿಯಿಂದ ಬರುತ್ತಿದ್ದ ಅಳಿಯ ಪ್ರಿಯನ್ ದಾರಿ ತಪ್ಪಿದ್ದರಿಂದ ನಾನು ರಸ್ತೆಗೆ ಹೋಗಿ ಫೋನಿನಲ್ಲಿ ದಾರಿ ಹೇಳುತ್ತಿದ್ದೆ. ಅಷ್ಟರಲ್ಲಿ ಮುಖಕ್ಕೆ ಸುಣ್ಣದಂತೆ ಬಿಳಿ ಬಣ್ಣ ಮೆತ್ತಿಕೊಂಡು, ಕುತ್ತಿಗೆಗೆ ಕಾಗದದ ಹೂವಿನ ಹಾರ ಹಾಕಿಕೊಂಡು, ಸೆಕೆಗೆ ಗಲ್ಲದಿಂದ ಬಿಳಿ ಹನಿ ತೊಟ್ಟಿಕ್ಕಿಸುತ್ತಾ, ಗಾಳಿಗೆಂದು ಹೊರಬಂದ ತಾವು ತಪ್ಪು ಬಾಗಿಲಿನಿಂದ ನಮ್ಮೊಳಗೆ ಬಿಜಯಂಗೈದಿರಿ.

ನನ್ನ ಹೆಂಡತಿ ನ್ಯಾನ್ಸಿಯ ದೊಡ್ಡಮ್ಮ ಎಮಿಲಿಯಾ ಆಂಟಿ ಅಳಿಯನನ್ನು ಅಲ್ಲಿಯವರೆಗೆ ಕಂಡವರಲ್ಲ. "ಅಯ್ಯೋ ದೇವಾ, ಮದುಮಗನಿಗೆ ಆಗ್ಲೇ ರೋಸ್ ಹಚ್ಚಿ ಆಗಿದೆಯಲ್ಲ! ಹಿರಿಯವರು ಬರುವವರೆಗೆ ಕಾಯ್ಲಿಕ್ಕೆ ಆಗುದಿಲ್ವಾ ಇವರಿಗೆ?" ಎಂದು ಗದರಿಸಿ, ತಮ್ಮನ್ನು ಕೈಹಿಡಿದು ಕೂರಿಸಿ, ಬಟ್ಟಲಿನ ಹಾಲನ್ನು ನೆತ್ತಿಗೆ ಸುರಿದರು. ಹಿಂದೆ ಸಾಲು ನಿಂತಿತು. ತಾವಾದರೂ ಒಂದು ಮಾತು ಹೇಳಬಹುದಿತ್ತು. ಬದಲಿಗೆ ಪ್ರತಿಯೊಬ್ಬರಿಗೂ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದಿರಿ, ಹೆಂಗಸರು ಸೋಬಾನೆ ಎತ್ತಿಕೊಂಡಾಗ ನಡುನಡುವೆ ತೋಳದಂತೆ ಊಳಿಟ್ಟಿರಿ, ಕೊನೆಗೆ ಬಟ್ಟಲುಗಳ ನಡುವೆ ಬಿದ್ದು ಸತ್ತು, ಮತ್ತೆ ಎದ್ದಿರಿ. ನಿಜವಾದ ಮದುಮಗ ಬಂದಾಗ ಹಾಲು ಖಲಾಸ್. ಹತ್ತಿರದ ಗ್ರಾಸರಿಯ ಶುಕೂರ್ ಸಾಹೇಬರು ಕೊಟ್ಟ ಡಬ್ಬಿ ಹಾಲಿನಲ್ಲಿ ನನ್ನ ಅಳಿಯನ ರೋಸ್ ಮುಗಿಯಿತು.

ಅಲ್ಲಿಗೇ ಮುಗಿದಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ. ಆದರೆ ಸೀರೆ ಉಟ್ಟು ಹೊರಬರುವಾಗ ತಾವು ಸತ್ತು ಎದ್ದದ್ದನ್ನು ನೋಡಿದ ನನ್ನ ಮಗಳು, "ಡ್ಯಾಡಿ, ಹೀ ಈಸ್ ಟೂ ಗುಡ್, ಟೋಸ್ಟ್ ಅವ್ರೇ ಹೇಳ್ಲಿ, ಪ್ಲೀಸ್" ಎಂದುಬಿಟ್ಟಳು. ತಾವು ಮೊಣಕಾಲೂರಿ ಒಪ್ಪಿದಿರಿ. ನನಗೆ ಉಳಿದದ್ದು ಊಟ ತಯಾರಿದೆ ಎಂದು ಪ್ರಕಟಿಸುವ ಕೆಲಸ. ಹೊಟ್ಟೆ ಉರಿಯಿತು ಸ್ವಾಮಿ, ಸುಳ್ಳು ಯಾಕೆ ಹೇಳಲಿ.

ಮದುವೆಯ ದಿನ ಹಾಲ್ ತುಂಬಾ ಜನ ಬಿಳಿ ಬಣ್ಣ ಮೆತ್ತಿದ ತಮ್ಮ ಮುಖಕ್ಕಾಗಿ ಬಾಗಿಲು ನೋಡಿದ್ದೇ ನೋಡಿದ್ದು. ತಾವು, ಶುಭಕಾರ್ಯವೆಂಬ ಗೌರವದಿಂದ ಮುಖ ತೊಳೆದು, ಬೂದು ಕೋಟು ತೊಟ್ಟು, ಬ್ಯಾಂಕಿನಿಂದ ಬಂದವರಂತೆ ಬಂದಿರಿ. ಯಾರಿಗೂ ಗುರುತು ಹತ್ತಲಿಲ್ಲ. ಅಳಿಯನ ಆಫೀಸಿನವರಿರಬೇಕೆಂದು ತಮ್ಮನ್ನು ಕೈತೊಳೆಯುವ ಬೇಸಿನ್ ಪಕ್ಕದ ಮೇಜಿನಲ್ಲಿ ಕೂರಿಸಿದರು. ತಾವು ಕೈಯೆತ್ತಿ ಬೀಸಿದಾಗಲೆಲ್ಲ ಎಮಿಲಿಯಾ ಆಂಟಿ ‘ಸಣ್ಣ’ ಎಂಬ ನಮ್ಮ ಇಡ್ಲಿಯನ್ನು ಬಡಿಸಿಹೋದರು. ಕಾದು ಕಾದು ಕೊನೆಗೆ ಮೈಕನ್ನು ನನ್ನ ಕೈಗೇ ತುರುಕಿದರು.

ಗೆದ್ದೆ ಎಂದುಕೊಂಡು ನಿಂತವನು ಶಾರನ್‌ಳ ಮುಖ ನೋಡಿದೆ. ಎತ್ತಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನಾಳೆಯಿಂದ ಇವಳು ಅಬುಧಾಬಿಯವಳು ಎಂಬುದಷ್ಟೇ ತಲೆಯಲ್ಲಿತ್ತು. ಮೈಕ್ ಹಿಡಿದುಕೊಂಡೇ ಮಕ್ಕಳಂತೆ ಬಿಕ್ಕಿಬಿಕ್ಕಿ ಅತ್ತೆ. ಆಗ ಬೇಸಿನ್ ಪಕ್ಕದಿಂದ ಒಬ್ಬರು ಎದ್ದು, ಗ್ಲಾಸು ಎತ್ತಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ಆ ಬಾಗುವಿಕೆಯಿಂದ ತಮ್ಮನ್ನು ಇಡೀ ಹಾಲ್ ಗುರುತಿಸಿತು. ಗುರುತಿಸಿದ್ದೇ ತಡ, ಇದೆಲ್ಲ ನಾವಿಬ್ಬರೂ ಸೇರಿ ಮೊದಲೇ ತಾಲೀಮು ಮಾಡಿದ ಐಟಂ ಎಂದು ತೀರ್ಮಾನವಾಗಿ, ಚಪ್ಪಾಳೆ ಬಿತ್ತು, ಶಿಳ್ಳೆ ಬಿತ್ತು, ವನ್ಸ್ ಮೋರ್ ಎಂದು ಕೂಗೂ ಬಿತ್ತು. ಶಾರನ್ ನನ್ನನ್ನು ತಬ್ಬಿಕೊಂಡು, "ಡ್ಯಾಡಿ, ವಾಟ್ ಆ್ಯನ್ ಆ್ಯಕ್ಟ್!" ಎಂದಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಅಳಿಯನ ತಲೆಗೆ ಸಲ್ಲಬೇಕಾಗಿದ್ದ ಹಾಲನ್ನು ಹಿಂಡಿ ವಾಪಸು ಕಳಿಸಿರಿ. ನಮ್ಮ ಕಟ್ಟಡಕ್ಕೆ ಬಂದು ಒಂದು ವಾರ, ಯಾವ ವೇಷವೂ ಇಲ್ಲದೆ, ಎಲ್ಲರೆದುರು ಬೋರು ಹೊಡೆಸಿ, ಜನ ಮತ್ತೆ ನನ್ನ ಮಾತಿಗೇ ಮರಳುವಂತೆ ಮಾಡಿರಿ. ಮತ್ತು ತಮ್ಮ ಮುಂದಿನ ಕಾರ್ಯಕ್ರಮದಲ್ಲಿ, ಎರಡು ಸಾವುಗಳ ನಡುವೆ ಬಿಡುವು ಮಾಡಿಕೊಂಡು, "ಆ ದಿನದ ಕಣ್ಣೀರು ಆನ್ಸೆಲ್ಮ್ ಪಿಂಟೊ ಅವರ ಸ್ವಂತದ್ದು, ಅದರಲ್ಲಿ ನನ್ನ ಪಾಲು ಏನೂ ಇಲ್ಲ" ಎಂದು ಘೋಷಿಸಿರಿ. ಬೇರೆ ಯಾರು ನಂಬದಿದ್ದರೂ ಅಡ್ಡಿಯಿಲ್ಲ, ನನ್ನ ಮಗಳು ನಂಬಬೇಕು.

ಇಷ್ಟಾದರೂ ತಮ್ಮ ಮೇಲೆ ಸಿಟ್ಟು ಹಿಡಿಯಲು ಬಾರದ,
ತಮ್ಮ ವಿಶ್ವಾಸಿ,
ಆನ್ಸೆಲ್ಮ್ ಪಿಂಟೊ

ಮರೆತ ಮಾತು: ಇಲ್ಲಿಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಡಿಕ್ಸನ್ ಅವರ ಮಗಳ ಮದುವೆಗೆ ನನ್ನನ್ನು ಕರೆದಿದ್ದಾರೆ. ಟೋಸ್ಟ್ ಬೇಡವಂತೆ, ಅದೇ ಥರ ಒಮ್ಮೆ ಅತ್ತರೆ ಸಾಕಂತೆ. ನನಗಿದ್ದದ್ದು ಒಬ್ಬಳೇ ಮಗಳು. ಹೆತ್ತವರಲ್ಲದವರು ಅಳುವುದು ಹೇಗೆಂದು, ದಿನಾ ಸಂಜೆ ಸುಳ್ಳುಸುಳ್ಳೇ ಸಾಯುವ ಅನುಭವಸ್ಥರಾದ ತಾವು ದಯವಿಟ್ಟು ಮರುಟಪಾಲಿನಲ್ಲಿ ತಿಳಿಸತಕ್ಕದ್ದು.