ಕರ್ತೃಪದವಿಲ್ಲದ ಉಬ್ಬಸ

ದರ್ಜಿಯ ಮಾತಿನಲ್ಲಿ ಕರ್ತೃಪದವೇ ಇರುತ್ತಿರಲಿಲ್ಲ. ಯಾರು, ಏನು ಎಂಬುದನ್ನು ಕೇಳುವವರೇ ಹೊಲಿದುಕೊಳ್ಳಬೇಕು. ಅಂಥವನಿಗೆ ದೇವರು ವ್ಯಾಕರಣದ ಮೇಷ್ಟ್ರನ್ನೇ ಮಾವನಾಗಿ ಕೊಟ್ಟಿದ್ದ. ತಮ್ಮ ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ಆಗಾಗ ಮಗಳ ಮನೆಗೆ ಬಂದು, ನಾಲ್ಕು ದಿನವಿದ್ದು, ಅಳಿಯನ ವಾಕ್ಯಗಳನ್ನು ತಿದ್ದಿ ಹೋಗುತ್ತಿದ್ದರು.

ಆ ಬೆಳಿಗ್ಗೆ ಪಕ್ಕದ ಮನೆಯಾಕೆ ದರ್ಜಿಯನ್ನು ಮೆಟ್ಟಿಲ ಬಳಿ ತಡೆದಳು. ಅವನ ಪುಟ್ಟ ಮಗಳಿಗೆ ಶೀತವಾದಾಗಲೆಲ್ಲ ಉಬ್ಬಸ; ಈಚೆಗೆ ಓಡಿದರೂ ನಕ್ಕರೂ ಉಬ್ಬಸ. ಆಕೆಯ ಮಗನಿಗೂ ಅದೇ ಪಾಡು.

"ನಮ್ಮವನಿಗೆ ದಿನಾ ಇನ್‌ಹೇಲರ್ ಕೊಡಿ ಅಂದಿದ್ದಾರೆ. ನಿಮ್ಮಲ್ಲಿ ಹೇಗಣ್ಣಾ?"

"ನಮ್ಮಲ್ಲಿ ಬಂದಾಗ ಮಾತ್ರ. ಬಂದರೆ ಯಾರಿಗೂ ನಿದ್ದೆಯಿಲ್ಲ. ಹೋದ ಮೇಲೆ ಮನೆಯೆಲ್ಲ ಆರಾಮು. ಈ ಸಲ ಹೋಗೋ ಲಕ್ಷಣಾನೇ ಇಲ್ಲ!"

ಬಾಗಿಲ ಹಿಂದೆ ನಿಂತಿದ್ದ ಮೇಷ್ಟ್ರ ಮುಖ ಹಿಂಡಿದ ಬಟ್ಟೆಯಂತಾಯಿತು. ದರ್ಜಿ ಒಳಗೆ ಬರುವಷ್ಟರಲ್ಲಿ ಅವರು ಚೀಲ ತುಂಬುತ್ತಿದ್ದರು.

"ಮಾವ, ಎಲ್ಲಿಗೆ?"

"ಹೋಗೋ ಲಕ್ಷಣ ತೋರಿಸ್ತಿದ್ದೀನಪ್ಪಾ."

ದರ್ಜಿ ಚೀಲಕ್ಕೆ ಕೈ ಹಾಕಿ ತಡೆದ. ಪುಟ್ಟ ಮಗಳು ಮುಖಕ್ಕೆ ಇನ್‌ಹೇಲರಿನ ಮಾಸ್ಕ್ ಇಡಲು ಬಿಡುತ್ತಿದ್ದುದು ತಾತನಿಗೆ ಮಾತ್ರ. ತಾತ ಹೋದರೆ ಮದ್ದು ಅವಳೊಳಗೆ ಹೋಗದು. ಹೆಂಡತಿ ಕೆಲಸದಿಂದ ಬಂದರೆ ತನ್ನ ಪ್ರಾಣ ಒಳಗುಳಿಯದು.

"ಅಯ್ಯೋ, ಅಂದಿದ್ದು ನಿಮ್ಮನ್ನಲ್ಲ, ಉಬ್ಬಸಾನ!"

"ಕರ್ತೃಪದ ಎಲ್ಲಿತ್ತು?"

ಬೆಂಕಿ ಆರಿಸಲು ಬಂದ ಪಕ್ಕದಾಕೆ ತುಪ್ಪ ಸುರಿದಳು: "ಬಿಡಿ ಮೇಷ್ಟ್ರೇ, ಅಳಿಯಂದಿರ ಬಾಯಲ್ಲಿ ಒಂದು ಮಾತು ಬಂದೇ ಬರತ್ತೆ."

"ಡಾಕ್ಟ್ರನ್ನೇ ಕೇಳೋಣ, ಬನ್ನಿ!" ಎಂದು ದರ್ಜಿ ಒಂದು ಕೈಯಲ್ಲಿ ಮಗಳನ್ನು, ಇನ್ನೊಂದರಲ್ಲಿ ಮಾವನ ಚೀಲವನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದ. ಚೀಲದ ಹಿಂದೆ ಮೇಷ್ಟ್ರು, ಮೇಷ್ಟ್ರ ಹಿಂದೆ ಪಕ್ಕದಾಕೆ. ಮೆರವಣಿಗೆಗೆ ವಾದ್ಯವೊಂದೇ ಕಡಿಮೆ. ಮಗುವಿನ ಎದೆಯ ಸುಯ್ ಸುಯ್ ಆ ಕೊರತೆಯನ್ನೂ ತುಂಬಿತು.

"ಡಾಕ್ಟ್ರಮ್ಮಾ, ಬಂದಾಗ ಮಾತ್ರ ಅಂತ ತಾವೇ ಹೇಳಿರಲಿಲ್ವಾ?"

ಡಾಕ್ಟರಮ್ಮ ಮಗುವಿನ ಎದೆಗೆ ಕೊಳವೆಯಿಟ್ಟು ಕೇಳಿದರು. "ಹೇಳಿದ್ದೆ. ಶೀತ ಆದಾಗ ಮಾತ್ರ ಉಬ್ಬಸ ಬರೋ ಕೆಲವು ಮಕ್ಕಳಿಗೆ ಅಷ್ಟೇ ಸಾಕಾಗತ್ತೆ. ಈಗ ಇವಳು ಓಡಿದ್ರೂ ನಕ್ಕರೂ ಬರ್ತಿದೆಯಲ್ಲ? ಇನ್ನು ಬಂದಾಗ ಮಾತ್ರ ಸಾಲದು. ದಿನಾ ಬೇಕು. ಆರಾಮಾಯ್ತು ಅಂತ ನೀವೇ ನಿಲ್ಲಿಸಬಾರದು."

ಮೇಷ್ಟ್ರ ಮುಖ ಇಸ್ತ್ರಿ ಹಾಕಿದ ಹಾಗೆ ಸರಿಹೋಯಿತು.

"ಕೇಳಿದೆಯೇನಪ್ಪಾ? ಬಂದು ಹೋಗೋದು ಸಾಲದಂತೆ. ದಿನಾ ಬೇಕಂತೆ. ನಿಲ್ಲಿಸಬಾರದಂತೆ!"

"ಮಾವ, ಅವರು ಹೇಳಿದ್ದು ಇನ್‌ಹೇಲರು..."

ಮೇಷ್ಟ್ರು ಮೊಮ್ಮಗಳನ್ನು ಎತ್ತಿಕೊಂಡು, ಚೀಲವನ್ನು ಅಳಿಯನ ಹೆಗಲಿಗೇ ಬಿಟ್ಟು, ಮನೆಯ ಕಡೆ ತಿರುಗಿದರು.

"ಕರ್ತೃಪದ ಎಲ್ಲಿತ್ತು?"